ಹುಲ್ಲಲ್ಲಿ ಬಚ್ಚಿಟ್ಟ ಕಾಲು

ಆಗಸ್ಟ್ 6, ಮಂಗಳವಾರ

ಹನ್ನೆರಡು ಚಿತ್ರ ಬರೆಯಬೇಕು. ಹನ್ನೆರಡರಲ್ಲೂ ಕಾಲು! ಬೆಳಿಗ್ಗೆ ಲಾರಸ್ ಕಳಿಸಿದ ಕಥೆ ಓದಿದಾಗಿನಿಂದ ಮೈಯೆಲ್ಲ ಉರಿಯುತ್ತಿದೆ.

ಕಥೆಯ ಹುಡುಗಿ ಮೆನೂರ್. ಒಂದು ಕಾಲಿಗೆ ಬಲವಿಲ್ಲ, ಕಂಬಿ-ಪಟ್ಟಿಯ ಕ್ಯಾಲಿಪರ್ ಹಾಕಿಕೊಂಡು ಓಡಾಡುತ್ತಾಳೆ. ಊರವರು ನಗುತ್ತಾರೆ, ಅವಳು ಅಳುತ್ತಾಳೆ. ಕೊನೆಯ ಪುಟದಲ್ಲಿ ಕ್ಯಾಲಿಪರ್ ಕಿತ್ತೆಸೆದು ಬೆಳದಿಂಗಳಲ್ಲಿ ಕುಣಿಯುತ್ತಾಳೆ, ಊರಿಗೆ ಊರೇ ಕಣ್ಣೀರು ಹಾಕುತ್ತದೆ. 'ನೀನು ಇರುವ ಹಾಗೇ ಚೆಂದ' ಎನ್ನುವುದು ನೀತಿಯಂತೆ. ಇರುವ ಹಾಗೇ ಚೆಂದವಾಗಿದ್ದರೆ ಅದನ್ನು ಕಿತ್ತು ಬಿಸಾಕುವುದು ಯಾಕೆ ಎಂದು ಯಾರಾದರೂ ಕೇಳಬೇಕು. ಬರೆದವಳು ಬೆಳಗಿನ ಟೀವಿಯಲ್ಲಿ ಅಡುಗೆ ತೋರಿಸುವ ಮೇಡಂ. ಅವಳ ಹೆಸರಿಗೇ ಪುಸ್ತಕ ಖರ್ಚಾಗುತ್ತದೆ ಎಂದು ಪ್ರಕಾಶಕರಿಗೆ ಖುಷಿಯೋ ಖುಷಿ.

ನಾನೇ ಯಾಕೆ ಎಂದು ಲಾರಸ್‌ಳನ್ನು ಫೋನಿನಲ್ಲಿ ಕೇಳಿದೆ. ಇಪ್ಪತ್ತೆಂಟರ ಹುಡುಗಿ, ಸಂಪಾದಕಿ, ಹಿರಿಯಳೆಂದು ಮಾತಿಗೊಮ್ಮೆ 'ಬು' ಸೇರಿಸಿ, ಇರುವೆಗೂ ನೋವಾಗದ ಹಾಗೆ ಮಾತಾಡುತ್ತಾಳೆ. "ಬು ಪಲುಪಿ, ಇದು ನಿಮ್ಮ ಕೈಯಲ್ಲೇ ಆಗ್ಬೇಕು. ನಿಮಗೆ... ಆ ಭಾವನೆ ಇದೆ," ಎಂದಳು. ಆ 'ನಿಮಗೆ'ಗೂ 'ಭಾವನೆ'ಗೂ ನಡುವೆ ಬಿಟ್ಟ ಜಾಗದಲ್ಲಿ ನನ್ನ ಇಡೀ ಬಲಗಾಲು ಹಿಡಿಸುತ್ತಿತ್ತು. ನಲವತ್ತು ವರ್ಷದಿಂದ ಅದಕ್ಕೆ ಕ್ಯಾಲಿಪರ್ ಇದೆ. ಎಲ್ಲರಿಗೂ ಗೊತ್ತು, ಆದರೆ ನಮ್ಮ ಈ ಜೋಗ್ಜಾ ಊರಿನಲ್ಲಿ ಅಂಥದ್ದನ್ನು ಬಾಯಿಬಿಟ್ಟು ಆಡುವುದು ಮರ್ಯಾದೆಯಲ್ಲ. ನಾನೂ ಆಡುವುದಿಲ್ಲ. ಕಳೆದ ಮಳೆಗಾಲದಿಂದ ಒಂದೂ ಪುಸ್ತಕ ಸಿಕ್ಕಿಲ್ಲವಾದ್ದರಿಂದ ಒಪ್ಪಿಕೊಂಡೆ.

ಆಗಸ್ಟ್ 11, ಭಾನುವಾರ

ಐದು ಚಿತ್ರ ಕಳಿಸಿದ್ದೆ. ಭತ್ತದ ಗದ್ದೆಯಲ್ಲಿ ಮೆನೂರ್. ಕೆರೆಯಲ್ಲಿ ಸೊಂಟದವರೆಗೆ ಇಳಿದ ಮೆನೂರ್. ಮೇಕೆಯ ಹಿಂದೆ ಮೆನೂರ್. ಮಾವಿನ ಬುಟ್ಟಿಗಳ ಹಿಂದೆ ಮೆನೂರ್. ಒಂದರಲ್ಲಂತೂ ಬರೀ ಹುಲ್ಲು, ಮೇಲೆ ತಲೆ.

ಇಪ್ಪತ್ತಾರು ವರ್ಷದಿಂದ ಮಕ್ಕಳ ಪುಸ್ತಕಕ್ಕೆ ಚಿತ್ರ ಬರೆಯುತ್ತಿದ್ದೇನೆ. ನನ್ನ ಹುಲ್ಲು ಹೆಸರುವಾಸಿ. ಒಂದೊಂದು ಎಸಳೂ ಬೇರೆ ಬೇರೆ ಹಸಿರು ಎಂದು ವಿಮರ್ಶೆಯಲ್ಲಿ ಬರೆದವರಿದ್ದಾರೆ. ಇಷ್ಟೊಂದು ಹುಲ್ಲು ಯಾಕೆ ಎಂದು ಇದುವರೆಗೆ ಯಾವ ನರಪಿಳ್ಳೆಯೂ ಕೇಳಿರಲಿಲ್ಲ.

ಲಾರಸ್ ಹೀಗೆ ಬರೆದಿದ್ದಾಳೆ: "ಹುಲ್ಲು ತುಂಬಾ ತುಂಬಾ ಚೆನ್ನಾಗಿದೆ ಬು. ನೋಡ್ತಾನೇ ಇರ್ಬೇಕು ಅನ್ಸತ್ತೆ. ಸ್ವಲ್ಪ ಕಮ್ಮಿ ಮಾಡಿದ್ರೆ ಮೆನೂರ್ ಕಾಲೂ ಕಾಣ್ಬಹುದೇನೋ ಅಂತ..."

ಕಾಣ್ಬಹುದೇನೋ ಅಂತೆ! ಕಾಣಬೇಕು ಅಂದರೆ ಕಾಣಬೇಕು ಅನ್ನಲಿ. ಐದನ್ನೂ ಹರಿದು ಹಾಕಿದೆ.

ಆಗಸ್ಟ್ 13, ಮಂಗಳವಾರ

ಅಮ್ಮನ ಜೊತೆ ಜಗಳ. ಸೋಯಾಕಾಳಿನ ತೆಂಪೆ ಕರಿಯುತ್ತಾ ಕರಿಯುತ್ತಾ, ಮುಖ ಕೂಡ ಎತ್ತದೆ ಕೇಳಿದಳು.

"ಮೂರು ದಿನದಿಂದ ಅದೇ ಹಾಳೆ ಮುಂದೆ ಕೂತಿದೀಯಲ್ಲ, ಏನಂತೆ?"

"ಕ್ಯಾಲಿಪರ್ ಬರೀಬೇಕಂತೆ."

"ಅದಕ್ಕೇನು ಬಂತು ಧಾಡಿ? ಲಂಗ ಎತ್ತು, ನೋಡು, ಬರಿ."

ಬಟ್ಟಲು ಕುಕ್ಕಿ ಎದ್ದು ಬಂದೆ. ಹೇಳುವವಳು ಯಾರು! ನನಗೆ ಹದಿನಾಲ್ಕಾದಾಗಿನಿಂದ ಹಿಮ್ಮಡಿ ಮುಚ್ಚುವ ಹಾಗೆ ಬಾಟಿಕ್ ಲಂಗ ಹೊಲಿದು ಹೊಲಿದು ಹಾಕಿದವಳು ಅವಳೇ. ಎಪ್ಪತ್ತೆಂಟಾದರೂ ಈಗಲೂ ಹೊಲಿಯುತ್ತಾಳೆ. ಈಗ ನೋಡಿದರೆ ಲಂಗ ಎತ್ತಬೇಕಂತೆ.

ಇಂಟರ್ನೆಟ್ಟಿನಲ್ಲಿ ಹುಡುಕಿ ಒಂದು ಫೋಟೋ ತೆಗೆದೆ. ಯಾವುದೋ ಚಳಿ ದೇಶದ ಮಗು, ಬೆಂಚಿನ ಮೇಲೆ ಕೂತಿದೆ, ಕಾಲಿಗೆ ಹೊಳೆಯುವ ಹೊಸ ಕ್ಯಾಲಿಪರ್. ಎರಡು ಕಡೆ ಕಂಬಿ, ತೊಡೆಗೆ ಚರ್ಮದ ಪಟ್ಟಿ, ಮಂಡಿಯ ಹತ್ತಿರ ಉಂಗುರ. ಅಚ್ಚುಕಟ್ಟಾಗಿದೆ. ಅದನ್ನೇ ನೋಡಿ ನೋಡಿ ಕೈಗೆ ಹತ್ತಿಸಿಕೊಂಡೆ. ಸಂಜೆಯೊಳಗೆ ಮೂರು ಚಿತ್ರ ಆಯಿತು.

ಆಗಸ್ಟ್ 17, ಶನಿವಾರ

ನಮ್ಮ ದೇಶದ ಸ್ವಾತಂತ್ರ್ಯ ದಿನ. ಓಣಿಯಲ್ಲಿ ಗೋಣಿಚೀಲದ ಓಟ, ದಾರಕ್ಕೆ ಕಟ್ಟಿದ ಹಪ್ಪಳ ಬಾಯಲ್ಲೇ ಕಚ್ಚುವ ಆಟ. ಪ್ರತಿ ವರ್ಷದ ಹಾಗೆ ನನ್ನನ್ನು ತೀರ್ಪುಗಾರ್ತಿ ಮಾಡಿದರು. ತೀರ್ಪು ಹೇಳಲು ಕಾಲು ಬೇಕಾಗಿಲ್ಲ ನೋಡಿ. ಎಲ್ಲರಿಗಿಂತ ಒಂದು ಗಂಟೆ ಮೊದಲೇ ಹೋಗಿ ಕುರ್ಚಿಯಲ್ಲಿ ಕೂತು ಲಂಗ ಹರಡಿಕೊಂಡೆ. ಎಲ್ಲರೂ ಹೋದ ಮೇಲೆ ಎದ್ದೆ. ಓಣಿ ಸಂಘದ ಅಧ್ಯಕ್ಷರ ಹೆಂಡತಿ, "ಬು ಪಲುಪಿ ಎಷ್ಟು ಶಿಸ್ತು ನೋಡಿ, ಯಾವಾಗ್ಲೂ ಎಲ್ರಿಗಿಂತ ಮುಂಚೆ ಬರ್ತಾರೆ," ಎಂದು ಎಲ್ಲರಿಗೂ ಕೇಳುವ ಹಾಗೆ ಹೊಗಳಿದಳು. ಥೂ!

ಸೆಪ್ಟೆಂಬರ್ 3, ಮಂಗಳವಾರ

ಹನ್ನೆರಡೂ ಮುಗಿಯಿತು. ಟೀವಿ ಮೇಡಂ ಕೊನೆಯ ಚಿತ್ರ ನೋಡಿ ಅತ್ತಳಂತೆ. ಅಳಲಿ. ಕಾಲೇ ಇಲ್ಲದ ಹಾಗೆ ತೇಲಿಸಿ ಬರೆದಿದ್ದೇನೆ, ಅದೊಂದು ನನಗೆ ಸಲೀಸು.

ಶನಿವಾರ ಮಕ್ಕಳ ಮುಂದೆ ಓದಿ ನೋಡುವುದಂತೆ. ಅಚ್ಚಿಗೆ ಹೋಗುವ ಮೊದಲು ಹೀಗೆ ಮಾಡುವುದು ಅವರ ಪದ್ಧತಿ. ಕಾಲು, ಕೈ, ಕಿವಿ, ಒಂದಲ್ಲ ಒಂದು ತೊಂದರೆಯಿರುವ ಮಕ್ಕಳು ವಾರಕ್ಕೊಮ್ಮೆ ಸೇರುವ ಒಂದು ಓದುಮನೆ ಇದೆ, ಅಲ್ಲಿ. ನಾನು ಬರುವುದಿಲ್ಲ ಎನ್ನಬೇಕೆಂದಿದ್ದೆ. "ನೋಡೋಣ" ಎಂದೆ. ನಮ್ಮಲ್ಲಿ ಅದರರ್ಥ ಇಲ್ಲ ಅಂತಲೇ, ಲಾರಸ್‌ಗೂ ಗೊತ್ತು. ಆದರೂ ರಿಕ್ಷಾ ಗೊತ್ತುಮಾಡಿಬಿಟ್ಟಿದ್ದಾಳೆ ಘಾಟಿ ಹುಡುಗಿ.

ಸೆಪ್ಟೆಂಬರ್ 7, ಶನಿವಾರ

ಎಲ್ಲಿಂದ ಶುರು ಮಾಡಲಿ. ಮುಖ ತೋರಿಸುವ ಹಾಗಿಲ್ಲ.

ಒಂದು ಗಂಟೆ ಮುಂಚೆಯೇ ಹೋದೆ. ಎಲ್ಲರೂ ಚಾಪೆಯ ಮೇಲೆ ಕೂರುವ ಜಾಗ, ಮೂಲೆಯಲ್ಲಿ ಒಂದು ಗಿಡ್ಡ ಮಣೆ ಹಾಕಿಸಿಕೊಂಡು, ಬೆನ್ನುನೋವು ಎಂದು ಹೇಳಿ, ಲಂಗ ಹರಡಿ ಕೂತೆ. ಮಕ್ಕಳು ಬಂದರು, ಹದಿಮೂರು ಜನ. ಕೊನೆಗೆ ಬಂದವಳು ಕಿನಾಸಿ. ಒಂಬತ್ತು ವರ್ಷ, ಎಡಗಾಲಿಗೆ ಕ್ಯಾಲಿಪರ್, ಚಡ್ಡಿ ಹಾಕಿಕೊಂಡಿದ್ದಳು. ಕ್ಯಾಲಿಪರ್ ತುಂಬ ಮೀನಿನ ಸ್ಟಿಕ್ಕರು. ಟಕ್ ಟಕ್ ಎಂದು ನಡುಮಧ್ಯೆ ಬಂದು, ಬೆರಳಲ್ಲಿ ಉಂಗುರ ಎಳೆದು, ಧೊಪ್ಪೆಂದು ಕೂತಳು. ಕಾಲು ನೇರ ಲಾರಸ್‌ಳ ಮುಖಕ್ಕೆ. ಬೇರೆ ಯಾರಾದರೂ ಹಾಗೆ ಕಾಲು ಚಾಚಿದ್ದರೆ ಹಿರಿಯರು ಗದರಿಸಿರುತ್ತಿದ್ದರು.

ಲಾರಸ್ ಓದತೊಡಗಿದಳು. ಎರಡನೇ ಪುಟಕ್ಕೇ ಕಿನಾಸಿ ಕೈ ಎತ್ತಿದಳು.

"ಇವ್ಳು ಬಿದ್ದೋಗ್ತಾಳೆ."

"ಯಾಕೆ ಪುಟ್ಟಿ?"

"ಉಂಗುರ ಮೇಲಿದ್ಯಲ್ಲ! ನಿಂತ್ಕೊಂಡಾಗ ಉಂಗುರ ಕೆಳಗಿಳಿಸಿ ಮಂಡಿಗೆ ಬೀಗ ಹಾಕ್ಬೇಕು. ಕೂತ್ಕೊಳ್ಳೋವಾಗ ಮೇಲೆ. ಮೇಲಿಟ್ಕೊಂಡು ನಿಂತ್ರೆ ಮಂಡಿ ಮಡಚ್ಕೊಂಡು ದಬಾರ್ ಅಂತ ಬೀಳೋದೇ."

ಲಾರಸ್ ಪುಟ ತಿರುಗಿಸಿದಳು. ಅಲ್ಲೂ ಮೆನೂರ್ ನಿಂತಿದ್ದಳು, ಉಂಗುರ ಮೇಲೆ. "ಇಲ್ಲೂ ಬಿದ್ಲು!" ಎಂದಳು ಕಿನಾಸಿ. ಮುಂದಿನ ಪುಟಕ್ಕೆ ಇನ್ನಿಬ್ಬರು ಸೇರಿಕೊಂಡರು. ಆರನೇ ಪುಟದ ಹೊತ್ತಿಗೆ ಹದಿಮೂರೂ ಮಕ್ಕಳು, ಕಿವಿ ಕೇಳದವರೂ ಕೈಸನ್ನೆಯಲ್ಲೇ ಸೇರಿಕೊಂಡು, "ಬಿದ್ಲು! ಬಿದ್ಲು!" ಎಂದು ಬಿದ್ದು ಬಿದ್ದು ನಗುತ್ತಿದ್ದರು. ಊರವರು ಗೇಲಿ ಮಾಡುವ ದುಃಖದ ಪುಟ ಅದು.

ಫೋಟೋದ ಮಗು ಕೂತಿತ್ತು. ಅದಕ್ಕೇ ಉಂಗುರ ಮೇಲಿತ್ತು. ಅದನ್ನೇ ಹನ್ನೊಂದು ಸಲ ನಕಲು ಮಾಡಿದ್ದೇನೆ. ದಿನಕ್ಕೆ ಎಷ್ಟು ಸಲ ಕೂರುತ್ತೇನೆ, ಏಳುತ್ತೇನೆ! ನಲವತ್ತು ವರ್ಷ ಈ ಬೆರಳುಗಳು ಬಟ್ಟೆಯ ಅಡಿಯಲ್ಲಿ ಕಳ್ಳರ ಹಾಗೆ ಆ ಉಂಗುರ ಎಳೆದು ಬಿಟ್ಟಿವೆ. ಕಣ್ಣು ಮಾತ್ರ ಒಂದು ಸಲವೂ ಅತ್ತ ಹೋಗಿಲ್ಲ.

ಕೊನೆಯ ಪುಟ ಬಂತು. ಲಾರಸ್ ಆಸೆಯಿಂದ, "ಹೇಗಿದೆ?" ಎಂದಳು.

"ಕ್ಯಾಲಿಪರ್ ಎಲ್ಲಿಟ್ಲು?" ಎಂದಳು ಕಿನಾಸಿ.

"ಬಿಸಾಕಿದ್ಲು ಪುಟ್ಟಿ."

"ಅಯ್ಯೋ! ಯಾರಾದ್ರೂ ಎತ್ಕೊಂಡೋದ್ರೆ? ನಂದು ಮಾಡೋಕೆ ಎರಡು ತಿಂಗಳು ಹಿಡೀತು. ಮನೆಗೆ ಹೆಂಗೋಗ್ತಾಳೆ? ಯಾರು ಬರ್ದಿದ್ದು ಇದು? ಏನೂ ಗೊತ್ತಿಲ್ದೋರು ಬರ್ದಿದಾರೆ."

ಲಾರಸ್ ಚಾಪೆ ನೋಡುತ್ತಾ ಕೂತಳು. ಅವಳಾಗಿ ಹೇಳುವುದಿಲ್ಲ ಎಂದು ನನಗೆ ಗೊತ್ತಿತ್ತು.

"ಚಿತ್ರ ನಾನು ಬರ್ದಿದ್ದು," ಎಂದೆ.

ಕಿನಾಸಿ ನನ್ನತ್ತ ತಿರುಗಿದಳು. ಪಾಪ, ಅವಳಿಗೆ ಬೇಜಾರಾಯಿತು. "ಪರ್ವಾಗಿಲ್ಲ ಬು. ನಿಮ್ಗೆ ಹೆಂಗೆ ಗೊತ್ತಾಗ್ಬೇಕು? ನೀವೇನು ಹಾಕ್ಕೊಂಡಿದೀರಾ?"

ನಾನು ಏನಂದೆ? "ಹೌದಲ್ವಾ ಪುಟ್ಟಿ, ನಂಗೆ ಹೇಗೆ ಗೊತ್ತಾಗ್ಬೇಕು," ಎಂದೆ.

ಆಮೇಲೆ ಅವಳು ಹತ್ತಿರ ಬಂದು, ನನ್ನ ಬೆರಳು ಹಿಡಿದು ತನ್ನ ಉಂಗುರದ ಮೇಲಿಟ್ಟು, ಮೇಲೆ ಕೆಳಗೆ ಆಡಿಸಿ ಕಲಿಸಿದಳು. ನಾನು ಹೊಸಬಳ ಹಾಗೆ, "ಓಹೋ, ಹೀಗಾ!" ಎಂದೆ. ಎಲ್ಲರೂ ಹೋಗುವವರೆಗೆ ಮಣೆಯಿಂದ ಏಳಲಿಲ್ಲ. ರಿಕ್ಷಾ ಬರಬೇಕು ಎಂದು ಸುಳ್ಳು ಹೇಳಿದೆ. ರಿಕ್ಷಾ ಗೇಟಿನಲ್ಲೇ ನಿಂತಿತ್ತು.

ಸೆಪ್ಟೆಂಬರ್ 8, ಭಾನುವಾರ

ಓಹೋ ಹೀಗಾ ಅಂತೆ. ನಾಚಿಕೆಗೆಟ್ಟವಳು.

ಸೆಪ್ಟೆಂಬರ್ 10, ಮಂಗಳವಾರ

ಕಿನಾಸಿ ಒಂದು ಹಾಳೆ ಕಳಿಸಿದ್ದಾಳೆ. ಅವಳ ಕಾಲಿನ ಚಿತ್ರ, ಬಾಣದ ಗುರುತು ಹಾಕಿ ವಿವರ: 'ಇಲ್ಲಿ ತುರಿಕೆ ಆಗತ್ತೆ.' 'ಈ ಪಟ್ಟಿ ಬಿಗಿ ಮಾಡಿದ್ರೆ ಗುರುತು ಬೀಳತ್ತೆ.' 'ಮಳೇಲಿ ಇದು ಕಿರ್ ಅನ್ನತ್ತೆ.' ಕೆಳಗೆ, '21ನೇ ತಾರೀಕು ತೋರ್ಸಿ, ನಾನು ಚೆಕ್ ಮಾಡ್ತೀನಿ.' ಚೆಕ್ ಮಾಡುತ್ತಾಳಂತೆ! ನನಗೆ ಮೇಷ್ಟ್ರು ಬೇರೆ ಬಂದರು.

ತುರಿಕೆ ಅವಳು ತೋರಿಸಿದ ಜಾಗದಲ್ಲೇ ಆಗುವುದು. ಮಂಡಿಯ ಹಿಂದೆ, ಒಳಗಡೆ.

ಸೆಪ್ಟೆಂಬರ್ 12, ಗುರುವಾರ

ಬೇರೆ ದಾರಿಯಿರಲಿಲ್ಲ. ಆ ಫೋಟೋ ನಂಬಿ ಮತ್ತೆ ಮಣ್ಣು ಮುಕ್ಕಲು ನನ್ನಿಂದಾಗದು. ಕ್ಯಾಲಿಪರ್ ಬಿಚ್ಚಿ ಮೇಜಿನ ಮೇಲಿಟ್ಟೆ. ಅರ್ಧ ಗಂಟೆ ಸುಮ್ಮನೆ ನೋಡಿದೆ. ಎಷ್ಟು ಹಳತಾಗಿದೆ. ಕಂಬಿಯ ಬಣ್ಣ ಹೋಗಿದೆ, ಉಂಗುರ ಮಾತ್ರ ನನ್ನ ಬೆರಳು ತಾಗಿ ತಾಗಿ ಫಳಫಳ ಹೊಳೆಯುತ್ತಿದೆ.

ಬರೆಯುತ್ತಿದ್ದಾಗ ಅಮ್ಮ ಚಹಾ ತಂದಳು. ಮೇಜು ನೋಡಿ ನಿಂತಳು. ಏನಾದರೂ ಅಂದರೆ ಬೈಯಬೇಕೆಂದು ಕಾದಿದ್ದೆ.

"ಆ ಪಟ್ಟಿ ಸವ್ದೋಗಿದ್ಯಲ್ಲೇ. ಕಚ್ಚಲ್ವಾ ಕಾಲಿಗೆ?"

"ನಿಂಗೇನು ಈಗ ಹೊಸ್ದಾಗಿ? ಲಂಗ ಹೊಲ್ದು ಮುಚ್ಚಿಟ್ಟೋಳು ನೀನೇ ತಾನೆ."

ಅಮ್ಮ ಚಹಾ ಕೆಳಗಿಟ್ಟಳು. "ನಾನಾ? ಲೇ, ಹದಿನಾಲ್ಕನೇ ವರ್ಷದಲ್ಲಿ ನೀನೇ ತಾನೇ ಅಡುಗೆಮನೇಲಿ ಹೊರಳಾಡಿ ಅತ್ತಿದ್ದು? ಉದ್ದ ಲಂಗ ಹೊಲ್ದು ಕೊಡ್ದೆ ಇದ್ರೆ ಸ್ಕೂಲಿಗೇ ಹೋಗಲ್ಲ ಅಂತ? ನಿಮ್ಮಪ್ಪ ಬೇಡ ಬೇಡ ಅಂದ್ರು. ನಾನೇ, ಹೋಗ್ಲಿ ಮಗು ಅಳ್ತಾಳೆ ಅಂತ, ರಾತ್ರಿಯೆಲ್ಲ ಕೂತು ಹೊಲ್ದೆ."

ಸುಳ್ಳು ಎಂದೆ. ಅಮ್ಮ ಒಳಗೆ ಹೋದಳು. ಸುಳ್ಳೇ ಇರಬೇಕು. ಆ ಅಡುಗೆಮನೆಯ ನೆಲದ ತಂಪು ಮಾತ್ರ ಕೆನ್ನೆಗೆ ನೆನಪಿದೆ, ಅದು ಯಾಕೆ ನೆನಪಿದೆಯೋ.

ಸೆಪ್ಟೆಂಬರ್ 16, ಸೋಮವಾರ

ಲಾರಸ್ ಮನೆಗೇ ಬಂದಳು, ಕೈಯಲ್ಲಿ ಬಾಳೆಹಣ್ಣಿನ ಬಜ್ಜಿ. ಬಜ್ಜಿ ತಂದಳೆಂದರೆ ಸುದ್ದಿ ಸರಿಯಿಲ್ಲ. ನಾನು ಕಳಿಸಿದ ಹೊಸ ಕರಡು ಚಿತ್ರಗಳು ಟೀವಿ ಮೇಡಂಗೆ ಹಿಡಿಸಿಲ್ಲ. ಸವೆದ ಪಟ್ಟಿ, ತೊಡೆಯ ಮೇಲಿನ ಗುರುತು ನೋಡಿದರೆ ಮಕ್ಕಳಿಗೆ ದುಃಖವಾಗುತ್ತದಂತೆ. ಕೊನೆಯ ಪುಟದಲ್ಲಿ ಮೆನೂರ್ ಕ್ಯಾಲಿಪರ್ ಹಾಕಿಕೊಂಡೇ ಗೆಳತಿಯರ ಜೊತೆ ಚಾಪೆಯ ಮೇಲೆ ಕೂತಿರುವ ಹಾಗೆ ಬರೆದಿದ್ದೆ. ಅದು ಬೇಡವೇ ಬೇಡವಂತೆ. ಕುಣಿಯಲೇಬೇಕು.

"ಬು, ಅದೊಂದು ಪುಟ ಹಳೇ ಥರಾನೇ ಇರ್ಲಿ ಅಂತ... ಅವ್ರು ದೊಡ್ಡೋರು, ಬೇಜಾರು ಮಾಡ್ಕೋತಾರೆ..."

"ಇಲ್ಲ," ಎಂದೆ.

ಲಾರಸ್ ಗಾಬರಿಯಿಂದ ನೋಡಿದಳು. ನಮ್ಮಲ್ಲಿ ಯಾರಿಗೂ ಹಾಗೆ ಮುಖಕ್ಕೆ ಹೊಡೆದ ಹಾಗೆ ಇಲ್ಲ ಎನ್ನುವುದಿಲ್ಲ. ನನಗೂ ಗಾಬರಿಯಾಯಿತು. ಆದರೆ ಬಾಯಿ ನಿಲ್ಲಲಿಲ್ಲ.

"ಆ ಮಗು ಏನು ಕೇಳ್ತು? ಮನೆಗೆ ಹೆಂಗೋಗ್ತಾಳೆ ಅಂತ. ನಿಮ್ಮ ಮೇಡಂ ಉತ್ರ ಹೇಳ್ಲಿ, ಆಗ ಕುಣಿಸ್ತೀನಿ."

"ಅವ್ರು ಕಥೆ ವಾಪಸ್ ತಗೊಂಡ್ರೆ ಪುಸ್ತಕಾನೇ ಇರಲ್ಲ ಬು."

"ತಗೊಳ್ಲಿ."

ಬಜ್ಜಿ ಆರಿಹೋಯಿತು. ಇಬ್ಬರೂ ಮುಟ್ಟಲಿಲ್ಲ.

ಸೆಪ್ಟೆಂಬರ್ 19, ಗುರುವಾರ

ಕಥೆ ವಾಪಸ್ ಹೋಯಿತು. ಬೇರೆ ಪ್ರಕಾಶಕರು, ಬೇರೆ ಚಿತ್ರಗಾರ. ಒಂದೂವರೆ ತಿಂಗಳ ಕೆಲಸ ನೀರಲ್ಲಿ ಹೋಮ. ಲಾರಸ್ ಹೇಳುತ್ತಾಳೆ, ಚಿತ್ರಗಳು ನಿಮ್ಮವೇ, ಮಾತು ನೀವೇ ಬರೆಯಿರಿ, ನಾನು ಮೇಲಿನವರನ್ನು ಒಪ್ಪಿಸುತ್ತೇನೆ ಎಂದು. ನಾನೇನು ಬರಹಗಾರ್ತಿಯೇ? ನೋಡೋಣ ಎಂದಿದ್ದೇನೆ. ಯಾವ ಅರ್ಥದಲ್ಲಿ ಅಂದೆನೋ ನನಗೇ ಗೊತ್ತಿಲ್ಲ.

ಪುಸ್ತಕವಿಲ್ಲದ ಮೇಲೆ ಶನಿವಾರ ಹೋಗುವ ಅಗತ್ಯವಿಲ್ಲ. ಆದರೆ ಚೆಕ್ ಮಾಡುತ್ತೇನೆ ಎಂದು ಆ ಮಗು ಕಾಯುತ್ತದೆ. ಅದಕ್ಕೆ ಹೇಳಿದ ಸುಳ್ಳು ಬೇರೆ ಹಾಗೇ ಉಳಿದಿದೆ.

ಸೆಪ್ಟೆಂಬರ್ 21, ಶನಿವಾರ

ಉದ್ದದ ಲಂಗ ಒಂದೂ ಒಣಗಿರಲಿಲ್ಲವಾದ್ದರಿಂದ ಹಳೆಯ ಗಿಡ್ಡ ಲಂಗ ಹಾಕಿಕೊಂಡು ಹೊರಟೆ. "ಈ ಬಿಸಿಲಲ್ಲಿ ಒಣಗಿಲ್ವಾ?" ಎಂದಳು ಅಮ್ಮ. ಅವಳಿಗೆ ಎಲ್ಲದಕ್ಕೂ ಕೊಂಕು. ಹೊರಟಿದ್ದೂ ತಡವಾಯಿತು. ರಿಕ್ಷಾದವನು ಎರಡು ಸಲ ಕರೆದ, ಒಂದು ಚಿತ್ರಕ್ಕೆ ಬಣ್ಣ ಬಾಕಿಯಿತ್ತು, ಬಿಟ್ಟು ಏಳಲಾಗಲಿಲ್ಲ.

ಹೋಗುವಷ್ಟರಲ್ಲಿ ಎಲ್ಲರೂ ಕೂತಾಗಿತ್ತು. ಬಾಗಿಲಿನಿಂದ ಚಾಪೆಯವರೆಗೆ ಟೈಲ್ಸ್ ನೆಲ, ಇಪ್ಪತ್ತು ಹೆಜ್ಜೆ. ಟಕ್, ಟಕ್. ಹದಿಮೂರು ತಲೆ ತಿರುಗಿದವು. ಕಿನಾಸಿ ನನ್ನ ಮುಖ ನೋಡಲಿಲ್ಲ. ಕಾಲು ನೋಡಿದಳು.

"ನೀವೂ ಹಾಕ್ಕೊಂಡಿದೀರಾ!"

"ಹೂಂ."

"ಅವತ್ತೂ ಹಾಕ್ಕೊಂಡಿದ್ರಾ?"

"ಹೂಂ. ಸುಳ್ಳು ಹೇಳ್ದೆ ಪುಟ್ಟಿ. ತಪ್ಪಾಯ್ತು."

ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ. ಅವಳ ಕಿವಿ ಕೆಂಪಾಯಿತು. "ನಾನು ಅಷ್ಟೊತ್ತು ಹೇಳ್ಕೊಟ್ಟೆ! ನಿಮ್ಮ ಕೈ ಹಿಡ್ಕೊಂಡು! ನೀವು ಒಳಗೊಳಗೇ ನಗ್ತಿದ್ರಾ?"

"ಇಲ್ಲ ಮಗಾ, ದೇವರಾಣೆಗೂ ಇಲ್ಲ. ನಿಜ್ವಾಗ್ಲೂ ನಂಗೆ ಗೊತ್ತಿರ್ಲಿಲ್ಲ. ನಾನು ಯಾವತ್ತೂ ನೋಡ್ಕೊಂಡೇ ಇರ್ಲಿಲ್ಲ."

"ಯಾಕೆ?"

"ನಾಚ್ಕೆ," ಎಂದೆ. ಆ ಮಾತನ್ನು ನಾನು ಬಾಯಿಬಿಟ್ಟು ಆಡಿದ್ದು ಅದೇ ಮೊದಲು. ಲಾರಸ್ ಚಾಪೆ ನೋಡುತ್ತಿರಲಿಲ್ಲ, ನನ್ನನ್ನೇ ನೋಡುತ್ತಿದ್ದಳು.

ಕಿನಾಸಿ ಆ ಕಡೆ ತಿರುಗಿ ಕೂತಳು. ಮಣೆ ಎಲ್ಲಿಟ್ಟಿದ್ದರೋ ಕಾಣಲಿಲ್ಲ, ಕೇಳುವ ಮುಖವೂ ಇರಲಿಲ್ಲ. ಉಂಗುರ ಎಳೆದು, ಗೋಡೆ ಹಿಡಿದು, ಹೇಗೋ ಚಾಪೆಯ ಮೇಲೆ ಕುಸಿದೆ. ಕಾಲು ಎಲ್ಲರ ಮುಂದೆ ಚಾಚಿಕೊಂಡಿತು. ಉಳಿದ ಮಕ್ಕಳು ಚಿತ್ರಗಳನ್ನು ಕಿತ್ತಾಡಿಕೊಂಡು ನೋಡಿದರು. ಪುಸ್ತಕ ಬರುವುದಿಲ್ಲವಂತೆ ಎಂದು ಲಾರಸ್ ಹೇಳಿದಾಗ ಒಬ್ಬ, "ಹಂಗಾದ್ರೆ ಇವೆಲ್ಲ ನಮ್ಗೇ ಬಿಡಿ," ಎಂದ. ಕಿನಾಸಿ ಹನ್ನೆರಡನ್ನೂ ಒಂದೊಂದಾಗಿ ಇಸಿದುಕೊಂಡು ನೋಡಿದಳು, ನನ್ನತ್ತ ತಿರುಗದೆ ಪಕ್ಕಕ್ಕೆ ದಾಟಿಸಿದಳು.

ಹೊರಡುವ ಹೊತ್ತಾಯಿತು. ಆಗ ಗೊತ್ತಾಯಿತು, ನನಗೆ ಏಳಲು ಬರುವುದಿಲ್ಲ! ಉದ್ದ ಲಂಗ ಹಾಕಿದಾಗಿನಿಂದ ನೆಲದ ಮೇಲೆ ಕೂತವಳೇ ಅಲ್ಲ. ಲಾರಸ್ ಕಂಕುಳಿಗೆ ಕೈಕೊಟ್ಟು ಎತ್ತಿದಳು, ಜಾರಿದೆ. ಇನ್ನೊಂದು ಸಲ ಎತ್ತಿದಳು, ಇಬ್ಬರೂ ಬೀಳುವಂತಾಯಿತು. ಮಕ್ಕಳೆಲ್ಲ ಸುತ್ತ ನಿಂತರು. ಅಳು ಬಂತು, ಸಿಟ್ಟೂ ಬಂತು.

"ಹಂಗಲ್ಲ," ಎಂದಳು ಕಿನಾಸಿ. ಟಕ್ ಟಕ್ ಎಂದು ಬಂದು ಲಾರಸ್‌ಳನ್ನು ಆಚೆ ಸರಿಸಿದಳು. ನನ್ನ ಪಕ್ಕ ತಾನೂ ಕೂತಳು. "ಕಾಲು ನೆಟ್ಟಗೆ ಮಾಡಿ. ಉಂಗುರ ಇಳಿಸಿ. ಹಾಂ. ಈಗ ಮಗುಚ್ಕೊಳ್ಳಿ, ಹೊಟ್ಟೆ ಕೆಳಗೆ. ಎರಡೂ ಕೈ ನೆಲಕ್ಕೆ ಊರಿ. ಒಳ್ಳೇ ಕಾಲು ಮುಂದೆ ತಗೊಳ್ಳಿ. ಈಗ ಅಂಡು ಮೇಲೆತ್ತಿ! ಇನ್ನೂ ಮೇಲೆ! ನಾಚ್ಕೊಂಡ್ರೆ ಆಗಲ್ಲ ಬು, ಎತ್ತಿ!"

ಐವತ್ತು ವರ್ಷದ ಹೆಂಗಸು, ಹದಿಮೂರು ಮಕ್ಕಳ ಮುಂದೆ ಅಂಡು ಮೇಲೆತ್ತಿ, ಕೈಯಲ್ಲಿ ಹಿಂದೆ ಹಿಂದೆ ನಡೆದು, ಎದ್ದು ನಿಂತೆ. ಅವಳು ನನಗಿಂತ ಮೊದಲೇ ಎದ್ದು ನಿಂತು ಕಾಯುತ್ತಿದ್ದಳು. ಮಂಡಿಯ ಹಿಂದೆ ಜೀವ ಹೋಗುವಷ್ಟು ನೋಯುತ್ತಿತ್ತು. ಕಿನಾಸಿ ನನ್ನ ಮುಖವನ್ನೇ ನೋಡಿದಳು.

"ನೋವಾಗ್ತಿದ್ಯಾ?"

ಇಲ್ಲ ಎನ್ನುವುದು ನಾಲಗೆಯ ತುದಿಗೆ ಬಂದಿತ್ತು.

"ತುಂಬಾ," ಎಂದೆ.

"ನಂಗೂ," ಎಂದಳು ಅವಳು.

ಗೇಟಿನವರೆಗೆ ಇಬ್ಬರೂ ನಿಧಾನವಾಗಿ ನಡೆದೆವು. ರಿಕ್ಷಾದವನು ಇನ್ನೂ ಕಾಯುತ್ತಿದ್ದ.